ಗಿರಣಿ ಕೂಗಿದ ಬುಧವಾರ

ನಮ್ಮೂರಿನಲ್ಲಿ ಒಬ್ಬ ಮನುಷ್ಯನ ಹೆಸರು, ಅವನ ಸಿಟ್ಟು, ಅವನಿಗೆ ಸಿಗಬಹುದಾದ ಹೆಂಡತಿ, ಪಗೋಡದಲ್ಲಿ ಅವನು ನೀರು ಹಾಕಬೇಕಾದ ಮೂಲೆ, ಇಷ್ಟನ್ನೂ ಅವನು ಹುಟ್ಟಿದ ವಾರ ತೀರ್ಮಾನಿಸುತ್ತದೆ. ಉಳಿದದ್ದನ್ನು ಸರ್ಕಾರ ತೀರ್ಮಾನಿಸುತ್ತದೆ. ಯೋಚಿಸುವ ಕೆಲಸ ನಮ್ಮ ಪಾಲಿಗೆ ಅಷ್ಟಾಗಿ ಬಿದ್ದಿಲ್ಲ.

ವಾರ ಏಳು, ದಿಕ್ಕು ಎಂಟು. ಹೊಂದಿಸುವುದಕ್ಕೆ ನಮ್ಮ ಹಿರಿಯರು ಬುಧವಾರವನ್ನು ಕಲ್ಲಂಗಡಿ ಹಣ್ಣಿನ ಹಾಗೆ ನಡುವೆ ಸೀಳಿಬಿಟ್ಟರು. ಮಧ್ಯಾಹ್ನ ಹನ್ನೆರಡರೊಳಗೆ ಹುಟ್ಟಿದವನು ಅಪ್ಪಟ ಬುಧವಾರದವನು. ಅವನ ಪ್ರಾಣಿ ದಂತವಿರುವ ಆನೆ, ಆ ಆನೆಯ ಕಲ್ಲಿನ ಮೂರ್ತಿಗೆ ಅವನು ನೀರು ಹಾಕುವ ಮೂಲೆ ದಕ್ಷಿಣ. ಹನ್ನೆರಡು ದಾಟಿತೋ, ಅವನು ರಾಹು. ಅವನಿಗೆ ದಂತವಿಲ್ಲದ ಆನೆ, ವಾಯವ್ಯದ ಮೂಲೆ, ಜೊತೆಗೆ ಊರವರ ಅನುಮಾನ. ರಾಹುವಿನವನು ಕೊಟ್ಟ ಮಾತು ಮರೆಯುತ್ತಾನಂತೆ, ಅವನು ಒಲೆಗಿಟ್ಟ ಅನ್ನ ಸೀಯುತ್ತದಂತೆ.

ಊ ಯಾನ್ ಶೈನ್ ಅರವತ್ತೆರಡು ವರ್ಷ ರಾಹುವಾಗಿ ಬದುಕಿದ. ಬದುಕಿದ ಎನ್ನುವುದಕ್ಕಿಂತ, ರಾಹುವಾಗಿ ಹುಟ್ಟಿದ್ದಕ್ಕೆ ಎದುರಿಗೆ ಬಂದವರ ಕ್ಷಮೆ ಕೇಳಿಕೊಂಡು ಓಡಾಡಿದ ಎಂದರೆ ಸರಿ. ಕೈಜಾರಿ ಒಂದು ಬಟ್ಟಲು ಒಡೆದರೂ, "ನಾನು ರಾಹು ನೋಡಿ, ಏನ್ಮಾಡೋದು" ಎನ್ನುತ್ತಿದ್ದ. ಅವನು ನಾಲ್ಮೊಗದ ಪಗೋಡಕ್ಕೆ ಬಿದಿರಿನ ಸಾರುವೆ ಕಟ್ಟುವ ಕಸುಬಿನವನು. ಮಳೆಗಾಲ ಮುಗಿದೊಡನೆ ವಿಗ್ರಹಗಳಿಗೆ ಸುಣ್ಣ ಬಳಿಯಬೇಕು. ಬುದ್ಧನ ಮಡಿಲಿನಿಂದ ಕಿವಿಯವರೆಗೆ ಬಿದಿರು ಬಿಗಿದು ಹತ್ತುವವರಲ್ಲಿ ಅವನೇ ಮೊದಲಿಗ.

ನಮ್ಮ ಪಗೋಡದಲ್ಲಿ ನಾಲ್ವರು ಬುದ್ಧರು ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕಿಗೆ ಕೂತಿದ್ದಾರೆ. ಒಬ್ಬೊಬ್ಬನೂ ತೊಂಬತ್ತು ಅಡಿ. ಒಬ್ಬನ ಮಡಿಲಲ್ಲಿ ಮದುವೆ ಊಟಕ್ಕೆ ಚಾಪೆ ಹಾಸಬಹುದು. ಎಂಟು ನೂರು ವರ್ಷದಿಂದ ಒಬ್ಬರ ಮುಖ ಇನ್ನೊಬ್ಬರು ನೋಡಿಲ್ಲ. ಕಟ್ಟಿಸಿದವರು ನಾಲ್ವರು ಅಕ್ಕತಂಗಿಯರು, ಮದುವೆಯಾಗುವುದಿಲ್ಲವೆಂದು ಶಪಥ ಮಾಡಿದ್ದರು, ಕಿರಿಯವಳು ಮಾತು ಮುರಿದಳು, ಅದಕ್ಕೇ ಪಡುವಣ ಬುದ್ಧನ ಎದೆಯಲ್ಲಿ ಬಿರುಕು ಬಿಟ್ಟಿದೆ ಎಂಬುದು ಊರ ಕಥೆ. ಆ ಬಿರುಕನ್ನು ನನ್ನ ಕಾಲದಲ್ಲೇ ಏಳು ಸಲ ಸಿಮೆಂಟು ಮೆತ್ತಿ ಮುಚ್ಚಿದರು, ಏಳು ಸಲವೂ ಬಾಯಿಬಿಟ್ಟಿತು. ಸಿಮೆಂಟಿನಲ್ಲಿ ಮರಳೆಷ್ಟಿತ್ತು ಎಂದು ಯಾರೂ ಕೇಳಲಿಲ್ಲ. ಎಂಟು ನೂರು ವರ್ಷದ ಹಿಂದೆ ಸತ್ತ ಹುಡುಗಿ ಕೈಗೆ ಸಿಕ್ಕಿರುವಾಗ ಗುತ್ತಿಗೆದಾರನನ್ನು ಯಾಕೆ ನೋಯಿಸಬೇಕು?

ಇನ್ನು ದೋ ಥೀರಿ. ಬಡಗಣ ಬುದ್ಧನ ಮೆಟ್ಟಿಲ ಬಳಿ ಹೂ ಮಾರುತ್ತಾಳೆ. ನನ್ನ ಬಾಡಿಗೆ ಪುಸ್ತಕದ ಅಂಗಡಿ ಅವಳ ಪಕ್ಕದ್ದೇ, ಆದ್ದರಿಂದ ಕಂಡದ್ದನ್ನು ಹೇಳುತ್ತಿದ್ದೇನೆ. ನಲವತ್ತು ವರ್ಷದ ಹಿಂದೆ ಯಾನ್ ಶೈನ್ ಅವಳನ್ನು ಕೊಡಿ ಎಂದು ಅವಳ ಅಮ್ಮನನ್ನು ಕೇಳಿದ್ದ. ಥೀರಿ ಶುಕ್ರವಾರದವಳು. ಅಮ್ಮ ದೋ ಓನ್ ಜೋಯಿಸನ ಹತ್ತಿರ ಹೋದಳು. ಜೋಯಿಸ ಎಲೆಅಡಿಕೆ ಉಗುಳಿ, "ಶುಕ್ರವಾರಕ್ಕೂ ರಾಹುಗೂ ಹುಟ್ಟು ವೈರ. ಮಾಡ್ಕೊಂಡ್ರೆ ಮೂರು ವರ್ಷದೊಳಗೆ ಒಬ್ಬರನ್ನ ಸುಡಬೇಕಾಗುತ್ತೆ" ಎಂದ. ಅಲ್ಲಿಗೆ ಮುಗಿಯಿತು.

ಮುಗಿಯಿತು ಎಂದು ಊರು ತಿಳಿಯಿತು. ಆದರೆ ಶುಕ್ರವಾರದ ಮೂಲೆ ಉತ್ತರ, ರಾಹುವಿನದು ವಾಯವ್ಯ. ನಡುವೆ ಹನ್ನೆರಡು ಹೆಜ್ಜೆ. ಹುಟ್ಟು ವೈರಿಗಳನ್ನು ಅಷ್ಟು ಹತ್ತಿರ ಕೂರಿಸಿದ್ದು ಯಾವ ಪುಣ್ಯಾತ್ಮನ ಯೋಜನೆಯೋ ಗೊತ್ತಿಲ್ಲ. ದಿನಾ ಬೆಳಗ್ಗೆ ಅವಳು ತನ್ನ ಮೂಲೆಯಲ್ಲಿ, ಅವನು ತನ್ನ ಮೂಲೆಯಲ್ಲಿ, ವಯಸ್ಸಿಗೆ ಒಂದು ಹೆಚ್ಚು ಬಟ್ಟಲು ನೀರು ಹಾಕುತ್ತಿದ್ದರು. ಮೊದಲು ಇಪ್ಪತ್ತು ಚಿಲ್ಲರೆ ಬಟ್ಟಲು, ಈಚೆಗೆ ಅರವತ್ತು ಚಿಲ್ಲರೆ. ವಯಸ್ಸಾದಂತೆ ಜೊತೆಗಿರುವ ಹೊತ್ತು ಹೆಚ್ಚುತ್ತಾ ಹೋದ ಜೋಡಿ ನಮ್ಮೂರಿನಲ್ಲಿ ಅದೊಂದೇ. ಇಬ್ಬರೂ ಬೇರೆ ಮದುವೆಯಾಗಲಿಲ್ಲ. ಊರೆಲ್ಲ ಅವರನ್ನು ಹಿರಿಯರಿಗೆ ಹೇಳುವಂತೆ ಊ, ದೋ ಎಂದು ಕರೆಯತೊಡಗಿದ ಮೇಲೂ, ಅವರು ಒಬ್ಬರನ್ನೊಬ್ಬರು ಹರೆಯದಲ್ಲಿ ಕರೆಯುತ್ತಿದ್ದ ಹಾಗೆಯೇ ಕೋ ಯಾನ್, ಮಾ ಥೀರಿ ಎನ್ನುತ್ತಿದ್ದರು. ಒಂದು ಮೊಳ ಮಲ್ಲಿಗೆ ಕೊಳ್ಳುವಾಗ ಅಷ್ಟೇ ಮಾತು.

ಇನ್ನೊಂದು ಸಂಗತಿ ನನಗೆ ಮಾತ್ರ ಗೊತ್ತಿತ್ತು. ಥೀರಿಗೆ ಒಂದು ಕೆಂಪು ಕೊಡೆ ಇತ್ತು. ಯಾನ್ ಶೈನ್ ಬಡಗಣ ಬುದ್ಧನ ಭುಜ ಹತ್ತಿದ ದಿನ, ಎಂಥ ಬಿಸಿಲಿದ್ದರೂ, ಅವಳು ಅದನ್ನು ಮಡಚಿ ಪಕ್ಕಕ್ಕಿಡುತ್ತಿದ್ದಳು. ಮೇಲಿನಿಂದ ನೋಡುವವನಿಗೆ ಕೊಡೆ ಕಂಡರೆ ಮುಖ ಕಾಣುವುದಿಲ್ಲ.

ಹೀಗೇ ಇನ್ನಷ್ಟು ವರ್ಷ ನಡೆದು, ಇಬ್ಬರಲ್ಲಿ ಒಬ್ಬರನ್ನು ಸುಡುವ ದಿನ ತಾನಾಗಿಯೇ ಬಂದು, ಜೋಯಿಸನ ಮಾತು ನಿಜವಾಗುತ್ತಿತ್ತು. ಕೆಡಿಸಿದ್ದು ದೊಡ್ಡ ಭಂತೆಯವರ ಜೀರ್ಣಶಕ್ತಿ.

ಮಠದಲ್ಲಿ ಭಿಕ್ಷುಗಳಿಗೆ ಊಟ ಬಡಿಸುವ ಸರದಿ ಆ ದಿನ ಯಾನ್ ಶೈನ್ ಮನೆಯವರದು. ದೊಡ್ಡ ಭಂತೆಯವರಿಗೆ ತೊಂಬತ್ತೊಂದು. ಮೀನು ಸಾರು ಬಲು ರುಚಿಯಾಗಿತ್ತೆಂದು ಮೂರನೇ ಸಲ ಹಾಕಿಸಿಕೊಂಡು ಹಳೆಯ ಕಾಲವನ್ನು ನೆನೆದರು.

"ನಮಗೆ ಹನ್ನೆರಡರ ಮೇಲೆ ಅನ್ನ ಮುಟ್ಟೋ ಹಾಗಿಲ್ಲ. ಆಗಿನ ಮರಿ ಭಿಕ್ಷುಗಳು ಮಹಾ ಸೋಮಾರಿಗಳು, ಅಕ್ಕಿ ಗಿರಣಿ ಕೂಗಿದ ಮೇಲೇ ಊಟಕ್ಕೆ ಏಳೋರು. ಗಿರಣಿ ಮಾಲೀಕ ಪುಣ್ಯವಂತ. ನಮಗೆ ವ್ರತಭಂಗ ಆಗ್ಬಾರ್ದು ಅಂತ ಗಡಿಯಾರಾನೇ ಅರ್ಧ ಗಂಟೆ ಮುಂದಕ್ಕೆ ಇಟ್ಟಿದ್ದ. ಹನ್ನೆರಡಕ್ಕೆ ಅಂತ ಕೂಗ್ತಿದ್ದದ್ದು ಹನ್ನೊಂದೂವರೆಗೆ. ಊಟ ಆದ್ಮೇಲೆ ಮುಳ್ಳು ಮತ್ತೆ ಹಿಂದಕ್ಕೆ ತಿರುಗಿಸ್ತಿದ್ದ."

ಯಾನ್ ಶೈನ್ ಕೈಯ ಸೌಟು ಸಾರಿನೊಳಗೆ ಮುಳುಗಿತು. ಆ ಕಾಲದಲ್ಲಿ ಊರಿಗೆ ಇದ್ದದ್ದು ಎರಡೇ ಗಡಿಯಾರ, ಗಿರಣಿಯದೊಂದು, ರೈಲು ನಿಲ್ದಾಣದ್ದೊಂದು. ನಿಲ್ದಾಣದ್ದು ಕೆಟ್ಟು ನಿಂತಿತ್ತು. ಅವನು ಹುಟ್ಟಿದ್ದು "ಗಿರಣಿ ಕೂಗಿದ ಮೇಲೆ" ಎನ್ನುವುದೊಂದೇ ಅವನ ರಾಹುತನಕ್ಕೆ ಇದ್ದ ಆಧಾರ.

ನನಗೆ ಮಾತ್ರ ಬೇರೊಂದು ಹೊಳೆಯಿತು. ಬೆಳಗಿನ ಕೂಗೂ ಅದೇ ಮುಂದಿಟ್ಟ ಗಡಿಯಾರದ್ದು, ಸಂಜೆಯ ಕೂಗು ಹಿಂದಕ್ಕೆ ತಿರುಗಿಸಿದ ಗಡಿಯಾರದ್ದು. ಅಂದರೆ ನಮ್ಮಪ್ಪಂದಿರು ಮೂವತ್ತು ವರ್ಷ ದಿನಕ್ಕೆ ಅರ್ಧ ಗಂಟೆ ಪುಕ್ಕಟೆ ಮೂಟೆ ಹೊತ್ತಿದ್ದರು. ಭಂತೆಗಳಿಗೆ ವ್ರತ ಉಳಿಯಿತು, ಮಾಲೀಕನಿಗೆ ಪುಣ್ಯವೂ ಅಕ್ಕಿಯೂ ಉಳಿಯಿತು. ಇದನ್ನು ನಾನು ಟೀ ಅಂಗಡಿಯಲ್ಲಿ ಮೇಜು ಕುಟ್ಟಿ ಹೇಳಿದೆ. ಯಾರೂ ಕಿವಿಗೊಡಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಯಾನ್ ಶೈನ್ ಯಾವ ಆನೆ ಎಂಬುದು.

ಸಾಕ್ಷಿಗೆ ಇದ್ದವಳು ಅವನ ಅಕ್ಕ ದೋ ಚೋ. ಅವನು ಹುಟ್ಟಿದಾಗ ಅವಳಿಗೆ ಎಂಟು ವರ್ಷ.

"ಗಿರಣಿ ಕೂಗ್ತು. ನಾನು ಅಕ್ಕಿ ಒಲೆ ಮೇಲಿಟ್ಟೆ. ಗಂಜಿ ಬಸೀತಾ ಇದ್ದೆ, ಇವನು ಅತ್ತ. ಇವನ ಗಲಾಟೇಲಿ ಗಂಜಿ ಕಾಲ ಮೇಲೆ ಚೆಲ್ಕೊಂಡೆ. ಸುಟ್ಟ ಕಲೆ ಇದೆ, ನೋಡ್ತೀರಾ?" ಎಂದು ಲುಂಗಿ ಎತ್ತಿ ಧರ್ಮದರ್ಶಿ ಮಂಡಳಿಗೆ ಕಾಲು ತೋರಿಸಿದಳು.

ಮಂಡಳಿಯ ಕಾರ್ಯದರ್ಶಿ ಊ ಪಾನ್ ಮೌಂಗ್ ನಿವೃತ್ತ ಗುಮಾಸ್ತ. ಕಾಗದದ ಮೇಲಿಲ್ಲದ ಸೂರ್ಯನನ್ನೂ ನಂಬದ ಆಸಾಮಿ.

"ಅಕ್ಕಿ ಹೊಸದೋ, ಹಳೇದೋ?" ಎಂದು ಕೇಳಿದ.

"ಯಾಕೆ?"

"ಹೊಸ ಅಕ್ಕಿ ಬೇಗ ಬೇಯುತ್ತೆ, ಹಳೇದು ನಿಧಾನ. ಹಳೇ ಅಕ್ಕಿಯಾಗಿದ್ರೆ ನಿನ್ನ ತಮ್ಮ ಹನ್ನೆರಡು ದಾಟಿ ಹುಟ್ಟಿರ್ತಾನೆ. ದಂತದ ವಿಷಯ ಇದು, ಹುಡುಗಾಟ ಅಲ್ಲ."

"ಗಿರಣಿ ಕೂಲಿಯವನ ಮನೇಲಿ ಹಳೇ ಅಕ್ಕಿ ಎಲ್ಲಿಂದ ಬರುತ್ತೆ, ತಮ್ಮ? ಗುಡಿಸಿದ ನುಚ್ಚು ಅದು."

ಮಂಡಳಿ ಮೂರು ಸಲ ಸಭೆ ಸೇರಿ, ಪ್ರಯೋಗ ಮಾಡಿಯೇ ತೀರಬೇಕೆಂದು ನಿರ್ಣಯಿಸಿತು. ಪಗೋಡದ ಅಂಗಳದಲ್ಲಿ ಒಲೆ ಹೂಡಿ, ಎಪ್ಪತ್ತು ವರ್ಷದ ದೋ ಚೋಳನ್ನು ಎಂಟು ವರ್ಷದ ಹುಡುಗಿಯ ಹಾಗೆ ಕುಕ್ಕರಗಾಲಲ್ಲಿ ಕೂರಿಸಿ, ನುಚ್ಚು ಬೇಯಿಸಲಾಯಿತು. ದೊಡ್ಡ ಭಂತೆಯವರ ಕೈಗಡಿಯಾರ ತರಿಸಿದರು. ಗಂಜಿ ಬಸಿಯುವಷ್ಟರಲ್ಲಿ ಇಪ್ಪತ್ತೆರಡು ನಿಮಿಷ. ಹನ್ನೊಂದೂವರೆಗೆ ಇಪ್ಪತ್ತೆರಡು ಕೂಡಿಸಿ ಪಾನ್ ಮೌಂಗ್ ಕೆಳಗೆ ಎರಡು ಗೆರೆ ಎಳೆದ. ಅನ್ನವನ್ನು ಮಂಡಳಿ ಉಂಡಿತು. ಎಂಟು ನಿಮಿಷದ ಅಂತರದಿಂದ ಊ ಯಾನ್ ಶೈನ್ ಬುಧವಾರದವನು ಎಂದು ಧ್ವನಿವರ್ಧಕದಲ್ಲಿ ಸಾರಲಾಯಿತು.

ಆಮೇಲೆ ಊರು ತಲೆಕೆಳಗಾಯಿತು. ರಾಹುಗಳೆಲ್ಲ ತಮ್ಮ ತಾಯಂದಿರು ಏನು ಅಡುಗೆ ಮಾಡುತ್ತಿದ್ದಾಗ ತಾವು ಹುಟ್ಟಿದೆವೆಂದು ವಿಚಾರಿಸತೊಡಗಿದರು. ದಂತವಿಲ್ಲದ ಆನೆಗೆ ನೀರಿಲ್ಲದೆ ಬೆನ್ನ ಮೇಲೆ ಧೂಳು ಕೂತಿತು. ದಕ್ಷಿಣದ ಆನೆಗೆ ನೂಕುನುಗ್ಗಲು. ಮೀನು ಮಾರುವವನೊಬ್ಬ ತಾನೂ ಬುಧವಾರ ಎಂದು ಮನೆಗೆ ಹೋಗಿ ಹೇಳಿದ್ದಕ್ಕೆ ಅವನ ಹೆಂಡತಿ ಬೀದಿಗೆ ಕೇಳಿಸುವ ಹಾಗೆ, "ರಾಹು ಅಂತ ಮೂವತ್ತು ವರ್ಷ ನಿನ್ನ ಸಿಟ್ಟು ನುಂಗ್ಕೊಂಡೆ. ಈಗ ರಾಹು ಅಲ್ಲ ಅಂತೀಯ. ಹಾಗಾದ್ರೆ ಆ ಸಿಟ್ಟು ಯಾರದು?" ಎಂದಳು. ಅವನು ಮರುದಿನವೇ ವಾಯವ್ಯದ ಮೂಲೆಗೆ ವಾಪಸಾದ.

ಯಾನ್ ಶೈನ್‌ಗೆ ಇವು ಯಾವುವೂ ಕಾಣಲಿಲ್ಲ. ಅವನು ಹೊಸ ಲುಂಗಿ ಉಟ್ಟು, ಬಾಳೆಗೊನೆ ಹೊತ್ತು, ನೇರ ದೋ ಓನ್‌ಳ ಮನೆಗೆ ಹೋದ. ಜೊತೆಗೆ ಧೈರ್ಯಕ್ಕೆ ನಾನು. ಮುದುಕಿಗೆ ಎಂಬತ್ತೆಂಟು. ಬಾಯಲ್ಲಿ ಚುಟ್ಟಾ. ಥೀರಿ ಅಂಗಡಿಯಲ್ಲಿದ್ದಳು.

"ಅತ್ತೆ, ನಾನು ಬುಧವಾರದವನು," ಎಂದ.

"ಧ್ವನಿವರ್ಧಕ ನನ್ನ ಕಿವಿಗೂ ಬಿತ್ತು."

"ಶುಕ್ರವಾರಕ್ಕೂ ಬುಧವಾರಕ್ಕೂ ವೈರ ಇಲ್ಲ."

"ಇಲ್ಲ."

"ಹಾಗಾದ್ರೆ ನಲವತ್ತು ವರ್ಷದ ಹಿಂದೆ ನೀವು ಬೇಡ ಅಂದದ್ದು ತಪ್ಪಾಯ್ತಲ್ಲ."

ಮುದುಕಿ ಚುಟ್ಟಾದ ಬೂದಿ ಕೊಡವಿದಳು. "ತಪ್ಪು ಗಿರಣೀದು. ಹೋಗಿ ಗಿರಣೀನ ಕೇಳು."

ಗಿರಣಿಯನ್ನು ಸರ್ಕಾರ ನುಂಗಿ, ಆಮೇಲೆ ತುಕ್ಕು ನುಂಗಿ, ಈಗ ಅಲ್ಲಿ ಮೇಕೆ ಮೇಯುತ್ತಿದ್ದವು. ಯಾನ್ ಶೈನ್ ಬಾಗಿಲ ಬಳಿಯೇ ಕೂತ. ಬಾಳೆಗೊನೆ ತೊಡೆಯ ಮೇಲೆ. ಒಂದು ಗಂಟೆ ಕೂತ. ಕೊನೆಗೆ ಮುದುಕಿ ಅದರಲ್ಲಿ ಒಂದು ಹಣ್ಣು ಕಿತ್ತು ಸುಲಿದಳು.

"ಇಷ್ಟು ವರ್ಷ ಬೇರೆಯವರ ಮೂಲೆಗೆ ನೀರು ಹಾಕಿದ್ದೀಯ. ನಿನ್ನ ಆನೆ ಬಾಯಾರಿ ಕೂತಿದೆ. ಅದಕ್ಕೆ ಅರವತ್ತಮೂರು ದಿನ ನೀರು ಹಾಕು, ವರ್ಷಕ್ಕೊಂದು ದಿನ, ಮೇಲೊಂದು. ಅಷ್ಟು ದಿನ ಬಡಗಣ ಕಡೆ ತಲೆ ಹಾಕ್ಬೇಡ, ಅವಳ ಹತ್ರ ಮಾತಾಡ್ಬೇಡ. ಆಮೇಲೆ ಬಾ, ನೋಡೋಣ."

"ನೋಡೋಣ" ಎಂಬ ಮಾತನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋದ. ನಲವತ್ತು ವರ್ಷಕ್ಕೆ ಸಿಕ್ಕಿದ ಒಂದೇ ಒಂದು ಮಾತು ಅದು. ದಾರಿಯಲ್ಲಿ ನಾನು, "ಥೀರಿಗೆ ಒಂದು ಮಾತು ಹೇಳ್ಬೇಡ್ವೇನೋ?" ಎಂದೆ.

"ಮಾತಾಡ್ಬೇಡ ಅಂದಿದಾರಲ್ಲ."

"ನಾನು ಹೇಳ್ಲಾ?"

"ನೀನು ನನ್ನ ಸ್ನೇಹಿತ. ನೀನು ಆಡಿದ್ರೂ ನಾನು ಆಡಿದ ಹಾಗೇ ಲೆಕ್ಕ. ನಾನೀಗ ರಾಹು ಅಲ್ಲ ಕಣೋ, ಕೊಟ್ಟ ಮಾತು ಮರೆಯೋ ಹಾಗಿಲ್ಲ."

ಬುಧವಾರದವನಾದ ಜಂಬ ಅದು. ನನ್ನ ಬಾಯಿಗೂ ಬೀಗ ಬಿತ್ತು.

ಹೀಗೆ ಅವರಿಬ್ಬರ ನಡುವಿನ ಅಡ್ಡಿ ತೊಲಗಿತು. ಅವನು ದಕ್ಷಿಣಕ್ಕೆ ಹೋದ, ಅವಳು ಉತ್ತರದಲ್ಲಿ ಉಳಿದಳು. ನಡುವೆ ಹನ್ನೆರಡು ಹೆಜ್ಜೆಯ ಬದಲು ನಾಲ್ವರು ಬುದ್ಧರು, ಒಬ್ಬೊಬ್ಬನೂ ತೊಂಬತ್ತು ಅಡಿ.

ಮೊದಲ ದಿನ ಥೀರಿ ಒಂದು ಮೊಳ ಮಲ್ಲಿಗೆ ಎತ್ತಿಟ್ಟು ಕಾದಳು. ಎರಡನೆಯ ದಿನವೂ ಎತ್ತಿಟ್ಟಳು. ಮೂರನೆಯ ದಿನ ಪಕ್ಕದ ಖಾಲಿ ಮೂಲೆ ನೋಡಿ, "ದಕ್ಷಿಣದಲ್ಲಿ ಹೂವಿನವಳು ಅಗ್ಗಕ್ಕೆ ಕೊಡ್ತಾಳೇನೋ" ಎಂದು ನನಗೆ ಕೇಳುವ ಹಾಗೆ ತನ್ನಷ್ಟಕ್ಕೆ ಹೇಳಿಕೊಂಡಳು. ನಾನು ಪುಸ್ತಕದ ಧೂಳು ಹೊಡೆದೆ. ಹತ್ತನೆಯ ದಿನ, "ದಂತ ಬಂದ ಮೇಲೆ ಮನುಷ್ಯ ದೊಡ್ಡವನಾಗ್ತಾನೆ" ಎಂದಳು. ಇಪ್ಪತ್ತನೆಯ ದಿನದಿಂದ ಏನೂ ಹೇಳಲಿಲ್ಲ. ಆದರೆ ಎತ್ತಿಟ್ಟ ಮಲ್ಲಿಗೆಯನ್ನು ಸಂಜೆ ಬೇರೆಯವರಿಗೆ ಮಾರುತ್ತಿರಲಿಲ್ಲ. ಒಯ್ದು ದಂತವಿಲ್ಲದ ಆನೆಯ ಕಾಲ ಬಳಿ ಇಟ್ಟು ಮನೆಗೆ ಹೋಗುತ್ತಿದ್ದಳು.

ನಲವತ್ತೊಂದನೆಯ ದಿನ ಸುಣ್ಣದ ಕೆಲಸ ಬಡಗಣ ಬುದ್ಧನಿಗೆ ಬಂತು. ಆ ಕಡೆ ತಲೆ ಹಾಕಬಾರದೆಂಬ ಷರತ್ತು ಯಾನ್ ಶೈನ್‌ನನ್ನು ಬೆಳಗಿನಿಂದ ಕಾಡಿತು. ಕೊನೆಗೆ ಅವನೇ ದಾರಿ ಕಂಡುಕೊಂಡ: ಭುಜ ಇರುವುದು ಆಕಾಶದಲ್ಲಿ, ಆಕಾಶಕ್ಕೆ ಉತ್ತರ ದಕ್ಷಿಣ ಇಲ್ಲ. ಮೂಡಣ ಬುದ್ಧನ ಸಾರುವೆ ಹತ್ತಿ, ಭುಜದಿಂದ ಭುಜಕ್ಕೆ ಹಲಗೆ ದಾಟಿ, ಬಡಗಣ ಬುದ್ಧನ ಕಿವಿಯ ಪಕ್ಕ ಹೋಗಿ ನಿಂತು, ಕೆಳಗೆ ನೋಡಿದ.

ಕೆಂಪು ಕೊಡೆ ಬಿಚ್ಚಿತ್ತು.

ನಲವತ್ತು ವರ್ಷ ಬಿದಿರ ಮೇಲೆ ಮಂಗನ ಹಾಗೆ ಓಡಾಡಿದವನು ಬುದ್ಧನ ಕಿವಿಯ ಹಾಲೆಯನ್ನು ತಬ್ಬಿಕೊಂಡು ಕೂತುಬಿಟ್ಟ. ಜೊತೆಯವರು ಕೂಗಿದರೂ ಇಳಿಯಲಿಲ್ಲ. ಊಟದ ಹೊತ್ತಾಯಿತು, ಇಳಿಯಲಿಲ್ಲ. ಅಂಗಳದಲ್ಲಿ ಜನ ಸೇರಿದರು. ಐದು ಜನ ಒಂದೆಡೆ ನಿಂತರೆ ಅಪ್ಪಣೆ ಬೇಕಾಗುವ ನಾಡು ನಮ್ಮದು. ಅಲ್ಲಿ ಐನೂರು ಜನ ಕತ್ತೆತ್ತಿ ನಿಂತಿದ್ದರು. ಪಾನ್ ಮೌಂಗ್‌ನ ಬೆವರು ಅಂಗಿ ದಾಟಿತು. ಕಾಣಿಕೆ ಕೇಳುವ ಮೈಕನ್ನು ತಿರುಗಿಸಿಕೊಂಡು ಶುರುಮಾಡಿದ.

"ಊ ಯಾನ್ ಶೈನ್ ಅವರೇ, ದಯವಿಟ್ಟು ಇಳೀರಿ. ಬೇಡಿಕೆ ಏನಿದ್ರೂ ಬರವಣಿಗೇಲಿ ಕೊಡಿ. ವಿಗ್ರಹದ ಮೇಲೆ ಧರಣಿ ಕೂರೋದಕ್ಕೆ ನಿಯಮದಲ್ಲಿ ಅವಕಾಶ ಇಲ್ಲ."

ಮೇಲಿನಿಂದ ಸಣ್ಣ ದನಿ ಬಂತು. "ಕೊಡೆ."

"ಏನಂತೆ?"

"ಕೊಡೆ ಕೇಳ್ತಿದಾನೆ. ಬಿಸಿಲಲ್ವಾ, ಪಾಪ" ಎಂದ ಗುಂಪಿನಲ್ಲೊಬ್ಬ.

ಮಂಡಳಿಯ ಉತ್ಸವದ ಬಿಳಿ ಕೊಡೆಯನ್ನು, ಜರಿ ಕುಚ್ಚಿನ ಸಮೇತ, ಸುಣ್ಣದ ಬಕೆಟ್ಟಿನ ಹಗ್ಗಕ್ಕೆ ಕಟ್ಟಿ ಮೇಲೆ ಕಳಿಸಿದರು. ಅವನು ಹಾಗೇ ಕೆಳಗೆ ಕಳಿಸಿದ. ಇದು ರಾಜರ ಕೊಡೆ, ಅದಕ್ಕೆ ಸಂಕೋಚಪಟ್ಟ ಎಂದು ಒಂದು ಮಾಮೂಲಿ ಕರಿ ಕೊಡೆ ಕಳಿಸಿದರು. ಅದೂ ವಾಪಸು ಬಂತು. "ಬಣ್ಣ ಇಷ್ಟ ಆಗ್ಲಿಲ್ಲ ಅನ್ಸುತ್ತೆ" ಎಂದ ಪಾನ್ ಮೌಂಗ್.

ಆಗ ಥೀರಿ ಎದ್ದಳು. ತನ್ನ ಕೊಡೆ ಹಿಡಿದುಕೊಂಡೇ ಸಾರುವೆಯ ಬುಡಕ್ಕೆ ಬಂದು, ಬಿದಿರಿಗೆ ಕೈಯಿಟ್ಟಳು.

"ಅಕ್ಕ, ಬೋರ್ಡ್ ನೋಡಿ" ಎಂದ ಪಾನ್ ಮೌಂಗ್. ಹೆಂಗಸರು ಹತ್ತಬಾರದು ಎಂದು ಬರೆದ ಬೋರ್ಡು ಅವಳ ಹಣೆಯ ನೇರಕ್ಕಿತ್ತು.

"ನೋಡಿದೀನಿ. ನಲವತ್ತು ವರ್ಷದಿಂದ ಆ ಬುದ್ಧನ ಕೊರಳಿಗೆ ಹಾರ ಕಟ್ಟಿದ್ದು ನಾನು. ನನ್ನ ಹೂ ಹತ್ತಬಹುದು, ನನ್ನ ಕೈ ಹತ್ತಬಾರದು. ಆಗ್ಲಿ. ಆ ಮೈಕ್ ಕೊಡಿ ಇಲ್ಲಿ."

ಗುಮಾಸ್ತನಾಗಿದ್ದವನು, ಗಟ್ಟಿಯಾಗಿ ಕೇಳಿದವರಿಗೆ ಕೊಟ್ಟೇ ಅಭ್ಯಾಸ. ಕೊಟ್ಟ.

"ಕೋ ಯಾನ್," ಎಂದಳು. ಅವಳ ದನಿ ಪೇಟೆ, ಮಠ, ಹೊಳೆ ದಂಡೆ, ಅವಳಮ್ಮನ ಮನೆ ಎಲ್ಲೆಡೆ ಕೇಳಿಸಿತು. "ಬಿಸಿಲಿತ್ತು. ಕೊಡೆ ಬಿಚ್ಚಿದೆ."

"ನಲವತ್ತು ವರ್ಷ ಬಿಸಿಲಿರ್ಲಿಲ್ವಾ?" ಮೇಲಿನಿಂದ.

"ಇತ್ತು."

ದೂರ ಇದ್ದವರಿಗೆ ಕೇಳಿಸಿದ್ದು ಅವಳ ಮಾತು ಮಾತ್ರ. ಆ ಒಂದು "ಇತ್ತು" ಯಾವುದಕ್ಕೆ ಉತ್ತರವೆಂದು ತಿಳಿಯದೆ ಊರು ಕೆಲಸ ನಿಲ್ಲಿಸಿತು.

"ಇತ್ತು. ನೀವು ಮೇಲಿದ್ದಾಗೆಲ್ಲ ಮಡಚಿ ಇಟ್ಟೆ. ಮುಖ ಸುಟ್ಟು ಕರ್ರಗಾಯ್ತು, ಗಂಧ ಬಳ್ಕೊಂಡೆ. ನಲವತ್ತೊಂದು ದಿನದ ಹಿಂದೆ ಎದ್ದು ಆ ಕಡೆ ಹೋದ್ರಿ. ಒಂದು ಮಾತು ಹೇಳಿ ಹೋಗ್ಬಾರ್ದಿತ್ತಾ?"

"ನಿಮ್ಮಮ್ಮ ಹೇಳಿದ್ರು, ಅರವತ್ತಮೂರು ದಿನ..."

"ಅಮ್ಮನ್ನ ಎರಡು ಸಲ ಕೇಳಿದ್ರಿ. ಜೋಯಿಸನ್ನ ಕೇಳಿದ್ರಿ, ದೊಡ್ಡ ಭಂತೇನ ಕೇಳಿದ್ರಿ, ಮಂಡಳೀನ ಕೇಳಿದ್ರಿ. ಅನ್ನದ ಪಾತ್ರೇನೂ ಕೇಳಿದ್ರಿ. ನನ್ನ ಯಾವತ್ತು ಕೇಳಿದ್ರಿ?"

ಬುದ್ಧನ ಕಿವಿಯ ಬಳಿ ಕೂತವನು ಹಾಲೆಯ ಹಿಂದೆ ಮುಖ ಮರೆಸಿಕೊಂಡ.

"ನೀವು ಯಾವ ವಾರದವರಾದ್ರೂ ಆಗಿ," ಎಂದಳು ಥೀರಿ, ದನಿ ತಗ್ಗಿಸಿ. ಮೈಕಿಗೆ ತಗ್ಗಿಸಿದ ದನಿ ಗೊತ್ತಾಗುವುದಿಲ್ಲ. "ನೀರು ಮಾತ್ರ ನನ್ನ ಪಕ್ಕದ ಮೂಲೇಲಿ ಹಾಕಿ."

ಮೈಕನ್ನು ಪಾನ್ ಮೌಂಗ್‌ನ ಕೈಗಿಟ್ಟು, ಅಲ್ಲೇ ನಿಂತು ಕೊಡೆ ಮಡಚಿದಳು. ಆಮೇಲಷ್ಟೇ ಅವನು ಇಳಿದ. ಇಳಿಯುವಷ್ಟರಲ್ಲಿ ಅವಳು ಬುಟ್ಟಿ ಎತ್ತಿಕೊಂಡು ಮನೆಗೆ ಹೋಗಿಯಾಗಿತ್ತು.

ಸಂಜೆ ದೋ ಓನ್ ಮುದುಕಿಯ ಮಾತನ್ನು ದೋ ಚೋ ಹೊತ್ತು ತಂದಳು. "ಎಲ್ಲಾ ಕೇಳಿಸ್ಕೊಂಡಿದಾಳೆ. ಇನ್ನೂ ಇಪ್ಪತ್ತೆರಡು ದಿನ ಬಾಕಿ ಇದೆ ಅಂದ್ಲು."

ಮರುದಿನ ಬೆಳಗ್ಗೆ ಯಾನ್ ಶೈನ್ ಬಾಕಿಯನ್ನೂ ದಂತವನ್ನೂ ಬಿಟ್ಟುಕೊಟ್ಟು ವಾಯವ್ಯದ ಮೂಲೆಗೆ ಬಂದ. ಆನೆಯ ಬೆನ್ನು ತೊಳೆದ. ಅದರ ಕಾಲ ಬಳಿ ಬಾಡಿದ ಮಲ್ಲಿಗೆಯ ರಾಶಿ ನೋಡಿ, ಇದೇನೆಂದು ನನ್ನನ್ನು ಕೇಳಿದ. ಹೇಳಿದೆ. ಅವನು ಬಟ್ಟಲು ಕೆಳಗಿಟ್ಟು ಆಚೆ ನೋಡಿದ. ಹನ್ನೆರಡು ಹೆಜ್ಜೆ ಆಚೆ ಶುಕ್ರವಾರದ ಮೂಲೆ ಖಾಲಿ.

"ಥೀರಿ ಎಲ್ಲಿ?"

"ದಕ್ಷಿಣಕ್ಕೆ ಹೋದ್ಲು. ನಿನ್ನ ಬಾಕಿ ಇಪ್ಪತ್ತೆರಡು ದಿನದ ನೀರನ್ನ ಒಂದೇ ಸಲ ತಾನೇ ಹಾಕಿ ಮುಗಿಸ್ತೀನಿ ಅಂತ."

ಅವನು ಹೊರಟ. ನಮ್ಮಲ್ಲಿ ಪಗೋಡವನ್ನು ಬಲಕ್ಕೆ ಸುತ್ತಬೇಕು. ಎಡಕ್ಕೆ ಸುತ್ತುವುದು ಹೆಣದ ಮುಂದೆ ನಗುವುದಕ್ಕಿಂತ ಕೀಳು. ಅವನು ಉತ್ತರದಿಂದ ಪೂರ್ವಕ್ಕೆ, ಪೂರ್ವದಿಂದ ದಕ್ಷಿಣಕ್ಕೆ ಹೋಗುವಷ್ಟರಲ್ಲಿ ಅವಳು ನೀರು ಮುಗಿಸಿ ದಕ್ಷಿಣದಿಂದ ಪಶ್ಚಿಮಕ್ಕೆ, ಪಶ್ಚಿಮದಿಂದ ಉತ್ತರಕ್ಕೆ ಬಂದಳು.

"ಎಲ್ಲಿ ಅವ್ರು?" ಎಂದಳು ಉಬ್ಬಸ ಬಿಡುತ್ತಾ.

"ಈಗ ತಾನೇ ನಿನ್ನ ಹುಡುಕ್ಕೊಂಡು ಹೋದ. ಇಲ್ಲೇ ಕೂತ್ಕೊ ಮಾರಾಯ್ತಿ, ಬರ್ತಾನೆ."

"ನಲವತ್ತು ವರ್ಷ ಕೂತಿದ್ದೆ" ಎಂದು ಅವಳೂ ಪೂರ್ವಕ್ಕೆ ಹೊರಟಳು.

ದಕ್ಷಿಣದಲ್ಲಿ ಅವನಿಗೆ, "ಈಗ ತಾನೇ ಹೋದ್ಲು" ಎಂದರು. ಅವನು ಉತ್ತರಕ್ಕೆ ಬಂದಾಗ ಅವಳು ದಕ್ಷಿಣದಲ್ಲಿ. ಇಬ್ಬರದೂ ಒಂದೇ ವಯಸ್ಸಿನ ಮೊಣಕಾಲು, ಒಂದೇ ವೇಗ. ಎರಡು ಸುತ್ತಾಯಿತು. ಪೇಟೆಯವರು ವ್ಯಾಪಾರ ಬಿಟ್ಟು ಮೆಟ್ಟಿಲ ಮೇಲೆ ಕೂತರು. "ಎಡಕ್ಕೆ ತಿರುಗ್ರಿ" ಎಂದು ಯಾರೋ ಕೂಗಿದರು, ಪಾನ್ ಮೌಂಗ್ ಮೈಕಿನಲ್ಲಿ, "ಯಾರೂ ಎಡಕ್ಕೆ ತಿರುಗತಕ್ಕದ್ದಲ್ಲ" ಎಂದ. ನಾಲ್ವರು ಬುದ್ಧರು ನಾಲ್ಕು ದಿಕ್ಕಿಗೆ ನೋಡುತ್ತಾ, ಒಬ್ಬರಿಗೂ ಪೂರ್ತಿ ಕಥೆ ಕಾಣದೆ ಕೂತಿದ್ದರು. ನಾನು ಅಂಗಡಿಯನ್ನು ಹಾಗೇ ಬಿಟ್ಟು ಹಿಂದೆ ಹೋದೆ. ಆ ಹೊತ್ತಿನಲ್ಲಿ ಯಾರಾದರೂ ಪುಸ್ತಕ ಕದ್ದಿದ್ದರೆ ಓದಿಕೊಳ್ಳಲಿ.

ಮೂರನೆಯ ಸುತ್ತಿನಲ್ಲಿ, ಎದೆಯಲ್ಲಿ ಬಿರುಕಿರುವ ಪಡುವಣ ಬುದ್ಧನ ಮುಂದೆ, ಥೀರಿ ನಿಂತಳು. ಬುಟ್ಟಿ ಕೆಳಗಿಟ್ಟಳು. ಆಮೇಲೆ ಎಡಕ್ಕೆ ತಿರುಗಿದಳು.

ಮೈಕು ಮಾತು ಕಳೆದುಕೊಂಡು ಕೀಚ್ ಎಂದಿತು. ಬಲಕ್ಕೆ ಸುತ್ತುತ್ತಿದ್ದ ಜನವೆಲ್ಲ ಅವಳ ಎರಡೂ ಪಕ್ಕದಿಂದ ಹರಿದುಹೋದರು. ಅವಳು ಅವರ ಮುಖಕ್ಕೆ ಮುಖ ಕೊಟ್ಟು, ಮಡಚಿದ ಕೊಡೆ ಊರಿಕೊಂಡು ನಿಂತಳು. ಬಿರುಕು ಒಂದು ಕೂದಲಷ್ಟೂ ದೊಡ್ಡದಾಗಲಿಲ್ಲ, ನಾನು ನೋಡುತ್ತಲೇ ಇದ್ದೆ.

ಯಾನ್ ಶೈನ್ ಮೂಲೆ ತಿರುಗಿ ಬಂದ. ಬೆನ್ನು ಕಾಣುತ್ತದೆ ಎಂದುಕೊಂಡಿದ್ದ ಕಡೆ ಮುಖ ಕಂಡಿತು. ಮೂರು ಹೆಜ್ಜೆ ದೂರದಲ್ಲಿ ನಿಂತ. ನಡುವೆ ಏನೂ ಇಲ್ಲದೆ ಅವನು ಅವಳೆದುರು ಯಾವತ್ತೂ ನಿಂತಿರಲಿಲ್ಲ, ಯಾವಾಗಲೂ ಹೂವಿನ ಬುಟ್ಟಿ ಇರುತ್ತಿತ್ತು.

"ಮಾ ಥೀರಿ," ಎಂದ. "ನಿನ್ನ ಒಂದು ಮಾತು ಕೇಳ್ಬೇಕಿತ್ತು."

"ಕೇಳಿ."

ಬಾಯಿ ತೆರೆದ. ನಲವತ್ತು ವರ್ಷದ ಮಾತಿನಲ್ಲಿ ಹೊರಗೆ ಬಂದದ್ದು ಇಷ್ಟೇ:

"ಈಗ ಗಂಟೆ ಎಷ್ಟು?"

ದೋ ಚೋ ಹಣೆ ಚಚ್ಚಿಕೊಂಡಳು. ಥೀರಿ ನಗಲಿಲ್ಲ. ಬೆಳಗಿನ ಬಿಸಿಲಿಗೆ ಪಡುವಣ ಬುದ್ಧನ ನೆರಳು ಅಂಗಳದ ಉದ್ದಕ್ಕೂ ಬಿದ್ದಿತ್ತು, ಇಬ್ಬರೂ ಅದರೊಳಗಿದ್ದರು. ಅವಳು ನೆರಳಿನ ಕೊನೆ ಎಲ್ಲಿದೆಯೆಂದು ನಿಧಾನವಾಗಿ ನೋಡಿದಳು.

"ಇನ್ನೂ ಹನ್ನೆರಡಾಗಿಲ್ಲ, ಕೋ ಯಾನ್," ಎಂದಳು. "ಹೊತ್ತಿದೆ. ಸಮಾಧಾನವಾಗಿ ಕೇಳಿ."